ದೊಡ್ಡಪ್ಪ ನೋಡಿಬಂದ ಕೆಂಪು ವೈನು

ದೊಡ್ಡಪ್ಪನ ದಾಳಿಂಬೆ ತೋಟ ಅಂಗಮಾರಿ ರೋಗಕ್ಕೆ ಹೋದ ಕಾಲದ ಮಾತಿದು. ನಮ್ಮೂರು ಯಲ್ಲದಕೆರೆ ಸುತ್ತ ಯಾರ ತೋಟಕ್ಕೆ ಹೋದರೂ ಕಾಯಿ ಮೇಲೆ ಕಪ್ಪು ಚುಕ್ಕೆ, ನಡುವೆ ಸೀಳು. ಗಿಡ ಕಿತ್ತವರೆಲ್ಲ ಮುಂದೇನು ಅಂತ ತಲೆ ಮೇಲೆ ಕೈ ಹೊತ್ತಿದ್ದರು. 2007ರಲ್ಲಿ ಸರ್ಕಾರ ದ್ರಾಕ್ಷಾರಸ ನೀತಿ ತಂದಿತ್ತಲ್ಲ, ಅದರ ಸುದ್ದಿ ಹಿಡಿದು ಯಾರೋ ಬಂದು, ‘ವೈನ್ ದ್ರಾಕ್ಷಿ ಹಾಕ್ರಿ, ನೀರು ಕಮ್ಮಿ ಸಾಕು’ ಅಂದರು. ಮಾರಿಕಣಿವೆ ಜಲಾಶಯ ನಮ್ಮ ತಾಲ್ಲೂಕಿನಲ್ಲೇ ಇದ್ದರೂ ನಮ್ಮ ಹೊಲಕ್ಕೆ ಬೋರ್‌ವೆಲ್ಲೇ ಗತಿ. ನೀರು ಕಮ್ಮಿ ಅಂದದ್ದೇ ತಡ, ದೊಡ್ಡಪ್ಪ ‘ನಡಿಯೋ, ನೋಡ್ಕಂಡು ಬರಾನ’ ಅಂತ ಟವೆಲ್ಲು ಕೊಡವಿ ಎದ್ದ.

ಶಿರಾ, ತುಮಕೂರು, ದಾಬಸ್‌ಪೇಟೆ ದಾಟಿ ದೊಡ್ಡಬಳ್ಳಾಪುರ. ಅಲ್ಲಿಂದ ರಘುನಾಥಪುರದ ಗ್ರೋವರ್ ಅವರ ತೋಟ. ಆಗಿನ್ನೂ ಮನೆಯವರೇ ನಡೆಸುತ್ತಿದ್ದರು. ಮುಂಬೈ ವ್ಯಾಪಾರಿ ಕನ್ವಲ್ ಗ್ರೋವರ್ ವ್ಯವಹಾರಕ್ಕೆ ಅಂತ ಫ್ರಾನ್ಸಿಗೆ ಹೋಗಿಬಂದು ವೈನಿನ ರುಚಿ ಹತ್ತಿಸಿಕೊಂಡವರು. ಷಾಂಪೇನ್ ಸೀಮೆಯ ವೈನ್ ತಜ್ಞ ಜಾರ್ಜ್ ವೆಸೆಲ್ ಅವರನ್ನು ಜೊತೆ ಮಾಡಿಕೊಂಡು, ಹಲವು ಕಡೆ ಮಣ್ಣು ನೋಡಿ, ತಳಿ ಬೆಳೆಸಿ ನೋಡಿ, ಕೊನೆಗೆ ನಂದಿಬೆಟ್ಟದ ಮಗ್ಗುಲಲ್ಲಿ 1988ರಲ್ಲಿ ತೋಟ ಕಟ್ಟಿದರು. ಮೊದಲ ವೈನ್ ಬಂದದ್ದು 1992ಕ್ಕೆ. ‘ನಾಕು ವರ್ಷ ಕೂತು ತಿನ್ನೋಕೆ ಇವರಿಗೆ ಐತೆ’ ಅಂದ ದೊಡ್ಡಪ್ಪ.

ಕೊಯ್ಲಿನ ಹೊತ್ತು. ಗೊನೆ ನೋಡಿ ಅವನ ಮುಖ ಸಣ್ಣಗಾಯಿತು. ಕಾಳು ಚಿಕ್ಕದು, ಸಿಪ್ಪೆ ದಪ್ಪ, ಬಾಯಿಗೆ ಹಾಕಿದರೆ ಬೀಜವೇ ಬೀಜ. ತೋಟ ತೋರಿಸುತ್ತಿದ್ದ ಹುಡುಗ ಅಲ್ಲಿಯವನೇ. ‘ಹಿಂಡಿ ನೋಡಿ ಯಜಮಾನ್ರೇ’ ಅಂದ. ದೊಡ್ಡಪ್ಪ ಹೆಬ್ಬೆರಳಲ್ಲಿ ಒತ್ತಿದ. ಕಪ್ಪು ಹಣ್ಣಿನಿಂದ ಬಂದದ್ದು ಹೆಚ್ಚುಕಮ್ಮಿ ನೀರಿನಂಥ ರಸ!

‘ಕೆಂಪು ಎಲ್ಲೈತಪ್ಪ?’

‘ಸಿಪ್ಪೇಲಿ. ಬಿಳಿ ವೈನಿಗೆ ಸಿಪ್ಪೆ ತೆಗೆದು ರಸ ಹುಳಿಗೆ ಬಿಡ್ತಾರೆ, ಕೆಂಪಿಗೆ ಸಿಪ್ಪೆ ಸಮೇತ. ಹುಳಿ ಏಳೋವಾಗ ಸಿಪ್ಪೆ ಮೇಲಕ್ಕೆ ಬರ್ತದೆ, ಅದನ್ನ ಮತ್ತೆ ಮತ್ತೆ ರಸದಲ್ಲಿ ನೆನೆಸ್ಬೇಕು.’



ಚಳಿದೇಶದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ನಮ್ಮಲ್ಲಿ ಮಲಗುವುದಿಲ್ಲ. ಅದಕ್ಕೇ ಬೇಸಿಗೆಯಲ್ಲೊಮ್ಮೆ, ಮಳೆಗಾಲದ ಕೊನೆಗೊಮ್ಮೆ ಸವರಬೇಕು. ಸವರುವುದು ಎರಡು ಸಲ, ಬೆಳೆ ಒಂದೇ ಸಲ. ಈ ಲೆಕ್ಕ ದೊಡ್ಡಪ್ಪನಿಗೆ ಹಿಡಿಸಲಿಲ್ಲ. ಗೊನೆ ಬೇಕೆಂದೇ ಕಮ್ಮಿ ಬಿಡುತ್ತಾರೆ, ಹೆಚ್ಚಾದರೆ ರಸ ತೆಳ್ಳಗಾಗುತ್ತದೆ ಅಂದಾಗಂತೂ ನಕ್ಕೇಬಿಟ್ಟ.

ಆಮೇಲೆ ಅವರ ಲಾ ರಿಸರ್ವ್ ಅನ್ನೋ ಕೆಂಪು ವೈನ್ ಕೊಟ್ಟರು. ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಎರಡೂ ಬೆರೆಸಿ ಓಕ್ ಮರದ ಪೀಪಾಯಿಯಲ್ಲಿ ಮಾಗಿಸಿದ್ದು. ಬೋರ್ಡೋದ ವೈನ್ ತಜ್ಞ ಮಿಷೆಲ್ ರೋಲಾಂ ಆಗ ಇವರ ಸಲಹೆಗಾರರಾಗಿದ್ದರಂತೆ. ಹೆಂಡದ ವಾಸನೆಗೇ ಮೂಗು ಮುಚ್ಚುತ್ತಿದ್ದ ದೊಡ್ಡಪ್ಪ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಸುಮಾರು ಹೊತ್ತು ಕೂತ. ‘ನೇರಳೆ ತಿಂದಂಗೆ ನಾಲಿಗೆ ಹಿಡೀತದೆ. ಸಿಹಿ ಇಲ್ಲ. ಕೆಟ್ಟದ್ದು ಅನ್ನಂಗೂ ಇಲ್ಲ’ ಅಂದ. ಆ ಒಗರೂ ಸಿಪ್ಪೆ, ಬೀಜದಿಂದಲೇ ಬರುವುದು. ಅಭ್ಯಾಸವಿಲ್ಲದ ನಾಲಿಗೆಯ ಈ ಮಾತು ಎಷ್ಟೋ ಪಂಡಿತರ ವರ್ಣನೆಗಿಂತ ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹೊರಡುವಾಗ ಕೇಳಿದ: ‘ಕಂಪನಿಯೋರು ಬ್ಯಾಡ ಅಂದ್ರೆ ಈ ಹಣ್ಣು ಸಂತೆಗೆ ಹಾಕ್ಬೋದಾ?’

‘ಬೆಂಗಳೂರು ಬ್ಲೂ ದ್ರಾಕ್ಷಿ ಆದ್ರೆ ಹಾಕ್ಬೋದು. ಇದನ್ನ ಯಾರು ತಿಂತಾರೆ ಯಜಮಾನ್ರೇ?’

ಅಲ್ಲಿಗೆ ಮುಗಿಯಿತು. ಊರಿಗೆ ಬಂದು ದೊಡ್ಡಪ್ಪ ತೆಂಗಿನ ಸಸಿ ಇಟ್ಟ. ಕನ್ವಲ್ ಗ್ರೋವರ್ 2011ರಲ್ಲಿ ತೀರಿಕೊಂಡರು. ಮರುವರ್ಷ ಅವರ ಕಂಪನಿ ನಾಸಿಕ್ ಕಡೆಯ ಇನ್ನೊಂದು ಕಂಪನಿ ಜೊತೆ ಸೇರಿ ಗ್ರೋವರ್ ಝಂಪಾ ಆಯಿತು. ನಮ್ಮ ಸೀಮೆಯಲ್ಲಿ ಈಗಲೂ ಯಾರಿಗಾದರೂ ವೈನ್ ದ್ರಾಕ್ಷಿಯ ಆಸೆ ಇದ್ದರೆ, ಸಸಿ ತರುವ ಮೊದಲು ಕೊಳ್ಳುವವರ ಹತ್ತಿರ ಕರಾರು ಬರೆಸಿಕೊಳ್ಳಿ.