ಜೋರಾಗಿ ಹಾಕಿದ್ರೆ ಮುಚ್ಚುತ್ತಾ?

ಊರಿಂದ ಬೆಂಗಳೂರಿಗೆ ಹೊರಡುವಾಗ ಕಾರಿನ ಡಿಕ್ಕಿ ತುಂಬದಿದ್ದರೆ ನಮ್ಮಮ್ಮನಿಗೆ ಸಮಾಧಾನವೇ ಇಲ್ಲ. ಕಳೆದ ತಿಂಗಳು ತಿಪಟೂರು ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದಾಗಲೂ ಅಷ್ಟೇ. ಭಾನುವಾರ ಸಂಜೆ ಒಂದು ಚೀಲ ತೆಂಗಿನಕಾಯಿ, ರಾಗಿ ಹಿಟ್ಟು, ಉಪ್ಪಿನಕಾಯಿ ಡಬ್ಬ ಎಲ್ಲ ಇಟ್ಟು ಡಿಕ್ಕಿ ಹಾಕಿದೆ. ಲಾಕ್ ಆಗಲಿಲ್ಲ. ವಾಪಸ್ ಮೇಲೆದ್ದಿತು.

ಚೀಲ ಅಡ್ಡ ಬಂದಿದೆ ಅಂದುಕೊಂಡು ಒಳಗೆ ತಳ್ಳಿದೆ. ಊಹೂಂ. "ಇನ್ನೂ ಜೋರಾಗಿ ಹಾಕೋ" ಅಂದರು ಅಮ್ಮ. ಹಾಕಿದೆ. ಹತ್ತು ಸಲವಾದರೂ ಬಡಿದಿರಬೇಕು. "ರೀ, ಒಂದ್ಸಲ ಬಗ್ಗಿ ನೋಡಿ, ಏನಾದ್ರೂ ಸಿಕ್ಕಾಕೊಂಡಿರ್ಬಹುದು" ಅಂತ ಹೆಂಡತಿ ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬೆಳಿಗ್ಗೆ ಮೀಟಿಂಗ್ ಇತ್ತು, ಮುಂದೆ ಸುಮಾರು 140 ಕಿಲೋಮೀಟರ್ ದಾರಿ. ಅಪ್ಪ ಹಗ್ಗ ತಂದರು. ಡಿಕ್ಕಿಯನ್ನು ಕಟ್ಟಿ ಹೊರಟೇಬಿಟ್ಟೆವು. ನಾಲ್ಕು ಬೆರಳು ಸಂದಿ ಹಾಗೇ ಉಳಿಯಿತು.

ಕಿಟಕಿ ಏರಿಸಿ ಎಸಿ ಹಾಕಿದ್ದೆ. ಗುಬ್ಬಿ ಇನ್ನೂ ಬಂದಿರಲಿಲ್ಲ, ಹಿಂದಿನ ಸೀಟಿನಲ್ಲಿದ್ದ ಐದು ವರ್ಷದ ಮಗಳು "ಅಪ್ಪಾ, ಹೊಗೆ ವಾಸ್ನೆ, ತಲೆನೋವು" ಅಂದಳು. ಹೆಂಡತಿ "ಗಾಡಿ ನಿಲ್ಸಿ" ಅಂದಳು. ಈ ಸಲ ನಿಲ್ಲಿಸಿದೆ.

ಸ್ವಲ್ಪ ಮುಂದೆಯೇ ಒಂದು ಸಣ್ಣ ಗ್ಯಾರೇಜ್. ವಯಸ್ಸಾದ ಮೆಕ್ಯಾನಿಕ್ ಹಗ್ಗ ನೋಡಿದವರೇ ಮೊದಲು ಕೇಳಿದ್ದು, "ಒಳಗೆ ಮಗು ಕೂತಿತ್ತಾ ಸಾರ್?" ಓಡುವ ಕಾರಿನ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಡಿಮೆ ಇರುತ್ತಂತೆ. ಡಿಕ್ಕಿ ತೆರೆದಿದ್ದರೆ ಸೈಲೆನ್ಸರ್ ಹೊಗೆ ಆ ಸಂದಿಯಿಂದ ಒಳಗೆ ಬರುತ್ತೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. "ಮಗು ನಿದ್ದೆ ಮಾಡ್ಬಿಟ್ಟಿದ್ರೆ ನಿಮ್ಗೆ ಗೊತ್ತೇ ಆಗ್ತಿರ್ಲಿಲ್ಲ" ಅಂದರು. ನನ್ನ ಕೈ ತಣ್ಣಗಾಯಿತು.

ಅವರು ಡಿಕ್ಕಿಯನ್ನು ಒಂದು ಸಲವೂ ಬಡಿಯಲಿಲ್ಲ. ಮೇಲೆತ್ತಿ, ಟಾರ್ಚ್ ಹಾಕಿ ಲಾಕ್ ತೋರಿಸಿದರು. ಕೆಳಗಿನ ಕಂಬಿಯನ್ನು ಹಿಡಿದುಕೊಳ್ಳಬೇಕಾದ ಕೊಕ್ಕೆ ಆಗಲೇ ಅರ್ಧ ತಿರುಗಿ ನಿಂತಿತ್ತು. ಒಳಗೆ ತೆಂಗಿನ ನಾರು, ಧೂಳು, ಒಣಗಿದ ಗ್ರೀಸ್. "ಬಾಯಿ ಮುಚ್ಚಿರೋ ಮಗೂಗೆ ತುತ್ತು ತುರುಕಿದ್ರೆ ಒಳಗೆ ಹೋಗುತ್ತಾ ಸಾರ್?"

ಡ್ರೈವರ್ ಸೀಟಿನ ಪಕ್ಕದ ಲಿವರ್ ಎಳೆದು ಹಿಡಿಯಲು ನನಗೆ ಹೇಳಿ, ಅವರು ಸ್ಕ್ರೂಡ್ರೈವರ್‌ನಿಂದ ಕೊಕ್ಕೆಯನ್ನು ಹಿಂದಕ್ಕೆ ತಂದರು. ನಾರು ಕಿತ್ತು, ಒರೆಸಿ, ಹೊಸ ಗ್ರೀಸ್ ಹಚ್ಚಿದರು. ಡಿಕ್ಕಿ ಮೇಲೆತ್ತಿದ್ದಾಗಲೇ ಸ್ಕ್ರೂಡ್ರೈವರ್‌ನಿಂದ ಕೊಕ್ಕೆ ಒತ್ತಿದರೆ ಟಕ್, ಟಕ್ ಅಂತ ಎರಡು ಹಂತದಲ್ಲಿ ಕೂತಿತು. ಲಿವರ್ ಎಳೆದರೆ ಬಿಟ್ಟುಕೊಂಡಿತು. ಈ ಪರೀಕ್ಷೆ ನಾವೂ ಮಾಡಬಹುದು. ಆದರೆ ಕೊನೆಯಲ್ಲಿ ಲಿವರ್ ಎಳೆದು ಕೊಕ್ಕೆ ಬಿಡಿಸಿಯೇ ಡಿಕ್ಕಿ ಹಾಕಬೇಕು, ಇಲ್ಲದಿದ್ದರೆ ಮತ್ತೆ ಅದೇ ಕಥೆ.

ನಾನು ಬಡಿದ ಏಟಿಗೆ ಕೆಳಗಿನ ಕಂಬಿ ಸ್ವಲ್ಪ ಜರುಗಿತ್ತು. ಬೋಲ್ಟ್ ಸಡಿಲಿಸಿ, ನೇರ ಮಾಡಿ, ಬಿಗಿ ಮಾಡಿದರು. ಆಮೇಲೆ ಒಂದೇ ಕೈಯಲ್ಲಿ ಮೆಲ್ಲಗೆ ಒತ್ತಿದರು. ಲಾಕ್ ಆಯಿತು. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಗಾಳಿಗೆ ಕೂತಿದ್ದ ಮಗಳು ಬಿಸ್ಕತ್ ಕೇಳುವಷ್ಟು ಗೆಲುವಾಗಿದ್ದಳು. ನನಗೆ ಹೋದ ಜೀವ ಬಂದಂತಾಯಿತು.

ಆಫೀಸಿನಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟರೆ ಎರರ್ ಏನು ಅಂತ ಮೊದಲು ಓದುವವನು ನಾನು. ಅವತ್ತು ಬಗ್ಗಿ ನೋಡಲು ಒಂದು ನಿಮಿಷ ಕೊಡಲಿಲ್ಲ. ಈಗ ಕಾಯಿ ಚೀಲವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಯೇ ಇಡುತ್ತೇನೆ. ಡಿಕ್ಕಿ ಹಾಕದಿದ್ದರೆ ಗಾಡಿ ಹೊರಡುವುದಿಲ್ಲ, ಮೀಟಿಂಗ್ ಇದ್ದರೂ ಅಷ್ಟೇ.

ರಾತ್ರಿ ಮನೆ ತಲುಪಿ ಫೋನ್ ಮಾಡಿದಾಗ ಅಮ್ಮ ಕೇಳಿದರು, "ಡಿಕ್ಕಿ ಸರಿಹೋಯ್ತೇನೋ? ಜೋರಾಗಿ ಹಾಕಿದ್ಯಾ?"

"ಇಲ್ಲಮ್ಮ, ಮೆಲ್ಲಗೆ" ಅಂದೆ. ಪಕ್ಕದಲ್ಲಿದ್ದ ಹೆಂಡತಿ ನಕ್ಕಳು.