ಕಡ್ಲೆಕಾಯಿ ಸೀಮೆಯ ಶಾಲೆಗಳಿಗೊಂದು ಮನವಿ

ನಮ್ಮ ಕಡೆ ‘ಮಗೂಗೆ ಕಡ್ಲೆಬೀಜ ಆಗಲ್ಲ’ ಅಂದ್ರೆ ಜನ ಮೊದಲು ನಗ್ತಾರೆ. ಪಾವಗಡ, ಶಿರಾ, ಮಧುಗಿರಿ ಎಲ್ಲ ಕಡ್ಲೆಕಾಯಿ ಬೆಳೆಯೋ ಸೀಮೆ. ಚಟ್ನಿಗೆ ಅದೇ, ಒಗ್ಗರಣೆಗೆ ಅದರ ಎಣ್ಣೆ, ಮಕ್ಕಳ ಕೈಗೆ ಚಿಕ್ಕಿ. ಅದು ಹೇಗೆ ಆಗಲ್ಲ?

ನಮ್ಮಕ್ಕನ ಮಗನಿಗೆ ಆಗಲ್ಲ. ಏಳು ವರ್ಷ, ಕೊರಟಗೆರೆ ಹತ್ತಿರದ ಒಂದು ಶಾಲೆ. ಸೇರಿಸುವಾಗಲೇ ಅಕ್ಕ ಹೇಳಿದ್ದಳು, ಆದರೆ ಅದನ್ನು ಯಾರೂ ಎಲ್ಲೂ ಬರೆದುಕೊಂಡಿರಲಿಲ್ಲ. ಹೋದ ವರ್ಷ ಗೆಳೆಯನ ಹುಟ್ಟುಹಬ್ಬಕ್ಕೆ ಹಂಚಿದ ಚಿಕ್ಕಿ ತಿಂದ. ಸ್ವಲ್ಪ ಹೊತ್ತಿಗೇ ತುಟಿ ಊದಿತು, ಮೈಯೆಲ್ಲ ದದ್ದು, ಆಮೇಲೆ ವಾಂತಿ, ಉಬ್ಬಸ. ಟೀಚರ್ ಅಲರ್ಜಿ ಮಾತ್ರೆ ಕೊಟ್ಟು ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ಮಧುಗಿರಿಯಲ್ಲಿ ಕೆಲಸದಲ್ಲಿದ್ದಳು. ಅವಳು ಬರೋವರೆಗೂ ಎಲ್ಲರೂ ಕಾದರು. ಆಸ್ಪತ್ರೆಯಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟ ಮೇಲೆ ಹುಡುಗ ಸರಾಗವಾಗಿ ಉಸಿರಾಡಿದ.

ಆ ಇಂಜೆಕ್ಷನ್ ಅಡ್ರಿನಲಿನ್. ಬರೀ ತುರಿಕೆ, ದದ್ದು ಇದ್ದರೆ ಮಾತ್ರೆ ಸಾಕಾಗಬಹುದು. ಉಸಿರು ಕಟ್ಟೋದು, ದನಿ ಬದಲಾಗೋದು, ತಲೆ ಸುತ್ತಿ ಬೀಳೋದು ಶುರುವಾದರೆ ಅದು ಅನಾಫಿಲ್ಯಾಕ್ಸಿಸ್. ಅದನ್ನು ಮಾತ್ರೆ ತಡೆಯಲ್ಲ, ಅಲ್ಲಿ ಒಂದೊಂದು ನಿಮಿಷವೂ ಲೆಕ್ಕ. ಕಡ್ಲೆಬೀಜ ಒಂದರಿಂದಲೇ ಅಲ್ಲ, ಶಾಲೆಯಲ್ಲೇ ಕೊಡುವ ಹಾಲು, ಮೊಟ್ಟೆಯಿಂದಲೂ ಆಗಬಹುದು. ಜೇನುಹುಳ ಕಚ್ಚಿದರೂ ಆಗಬಹುದು. ಮಧುಗಿರಿಯ ಹೆಸರಲ್ಲೇ ಜೇನಿದೆಯಲ್ಲ!

ಬ್ರಿಟನ್‌ನಲ್ಲಿ 2017ರ ಅಕ್ಟೋಬರ್‌ನಿಂದ ಶಾಲೆಗಳೇ ತುರ್ತಿಗೆ ಅಡ್ರಿನಲಿನ್ ಪೆನ್ ಕೊಂಡು ಇಟ್ಟುಕೊಳ್ಳಬಹುದು. ನಮ್ಮಲ್ಲಿ ಆ ಪೆನ್ ಸುಲಭವಾಗಿ ಸಿಗಲ್ಲ, ನಿಜ. ಆದರೆ ಔಷಧ ಹೊಸದೇನಲ್ಲ. 10 ಮತ್ತು 16ನೇ ವಯಸ್ಸಿನ ಟಿಡಿ ಲಸಿಕೆ ಹಾಕೋಕೆ ಶಾಲೆಗೆ ಬರುವ ಆರೋಗ್ಯ ಸಹಾಯಕಿಯ ಕಿಟ್‌ನಲ್ಲಿ ಅದು ಇರಬೇಕು ಅನ್ನೋದು ನಿಯಮ. ಲಸಿಕೆ ದಿನ ಇರೋ ಎಚ್ಚರ ಉಳಿದ ದಿನ ಯಾಕೆ ಬೇಡ?

ನಾನು ಸಾಫ್ಟ್‌ವೇರ್‌ನವನು. ಸರ್ವರ್ ಬಿದ್ದರೆ ಯಾರಿಗೆ ಮೊದಲು ಫೋನ್, ಆಮೇಲೇನು ಅಂತ ನಾವು ಒಂದು ಪುಟ ಬರೆದಿಟ್ಟಿರ್ತೀವಿ. ಗಾಬರೀಲಿ ಯಾರಿಗೂ ತಲೆ ಓಡಲ್ಲ ಅಂತ. ಶಾಲೆಗೂ ಬೇಕಿರೋದು ಅಂಥ ಒಂದು ಪುಟ:

• ದಾಖಲಾತಿ ಅರ್ಜಿಯಲ್ಲಿ ‘ಮಗುವಿಗೆ ಏನು ಆಗಲ್ಲ?’ ಅಂತ ಒಂದು ಸಾಲು. ಉತ್ತರ ಕ್ಲಾಸ್ ಟೀಚರಿಗೂ ಬಿಸಿಯೂಟ ಮಾಡುವ ಅಮ್ಮಂದಿರಿಗೂ ಗೊತ್ತಿರಲಿ.
• ಉಸಿರಾಟಕ್ಕೆ ತೊಂದರೆ ಆದರೆ ಮೊದಲ ಫೋನ್ 108ಕ್ಕೆ, ಎರಡನೆಯದು ಮನೆಗೆ.
• ಮಗುವನ್ನು ನಡೆಸಬೇಡಿ. ಮಲಗಿಸಿ ಕಾಲು ಎತ್ತಿಡಿ, ಉಬ್ಬಸ ಇದ್ದರೆ ಕೂರಿಸಿ.
• ಡಾಕ್ಟರ್ ಬರೆದುಕೊಟ್ಟ ಔಷಧವಿದ್ದರೆ ಬೀಗ ಹಾಕದ, ಎಲ್ಲ ಟೀಚರಿಗೂ ಗೊತ್ತಿರುವ ಜಾಗದಲ್ಲಿಡಿ.
• ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕರೆಸಿ, ಶಿಕ್ಷಕರಿಗೆ ಅರ್ಧ ಗಂಟೆ ಹೇಳಿಸಿ.

ಇಷ್ಟಕ್ಕೆ ದೊಡ್ಡ ಖರ್ಚೇನೂ ಇಲ್ಲ. ಇನ್ನೊಂದು ಮಾತು: ಆ ಮಗುವನ್ನು ಊಟಕ್ಕೆ ಬೇರೆ ಮೂಲೆಯಲ್ಲಿ ಕೂರಿಸಬೇಡಿ. ನಮ್ಮ ಹುಡುಗನಿಗೆ ಈಗಲೂ ಬೇಜಾರಿರೋದು ಚಿಕ್ಕಿ ತಪ್ಪಿತು ಅಂತಲ್ಲ, ಹುಟ್ಟುಹಬ್ಬ ಅಂದ್ರೆ ತನ್ನನ್ನು ಹೊರಗೆ ಕಳಿಸ್ತಾರೆ ಅಂತ.

ಜೂನ್‌ನಲ್ಲಿ ಮಕ್ಕಳನ್ನು ಶಾಲೆಗೆ ಬಿಡೋಕೆ ಹೋದಾಗ ಕೇಳಿ ನೋಡಿ, ನಿಮ್ಮ ಶಾಲೆಯಲ್ಲಿ ಆ ಒಂದು ಪುಟ ಇದೆಯಾ ಅಂತ. ಇಲ್ಲದಿದ್ದರೆ ಇದನ್ನೇ ಪ್ರಿಂಟ್ ತೆಗೆದು ಕೊಡಿ.