ಮೆಕ್ಕೆಜೋಳದ ಬೇರಿಗೊಬ್ಬ ಗೆಳೆಯ



ನಮ್ಮ ಸೊಕ್ಕೆ ಸುತ್ತಮುತ್ತ ಮುಂಗಾರು ಬಂತೆಂದರೆ ಎಲ್ಲರ ಬಾಯಲ್ಲೂ ಎರಡೇ ಮಾತು. ಒಂದು ಮಳೆ, ಇನ್ನೊಂದು ಯೂರಿಯಾ. 45 ಕೆ.ಜಿ. ಚೀಲದಲ್ಲಿ ಸಾರಜನಕ ಇರುವುದು ಸುಮಾರು 20 ಕೆ.ಜಿ. ಮಾತ್ರ. ಹಸಿ ಆರಿದ ನೆಲದ ಮೇಲೆ ಚೆಲ್ಲಿದರೆ ಅದರಲ್ಲೂ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಜೋರು ಮಳೆ ಹೊಡೆದರೆ ಇನ್ನೊಂದು ಪಾಲು ನೀರಿನ ಜೊತೆ ಹೋಗುತ್ತದೆ. ದುಡ್ಡು ಮಾತ್ರ ಪೂರ್ತಿ ಚೀಲದ್ದು!

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಶೇಂಗಾ, ತೊಗರಿ ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಅದನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಮೆಕ್ಕೆಜೋಳಕ್ಕೆ ಆ ಗಂಟಿಲ್ಲ. ಆದರೆ ಅದರ ಬೇರಿನ ಪಕ್ಕದಲ್ಲಿ ಅಜೋಸ್ಪಿರಿಲಂ ಎಂಬ ಸೂಕ್ಷ್ಮಜೀವಿ ಬದುಕಬಲ್ಲದು. ಬ್ರೆಜಿಲ್‌ನಲ್ಲಿ ಯೊಹಾನಾ ಡೊಬೆರೈನರ್ ಎಂಬ ಮಹಿಳಾ ವಿಜ್ಞಾನಿ 1970ರ ದಶಕದಲ್ಲಿ ಇದರ ಮೇಲೆ ದೊಡ್ಡ ಕೆಲಸ ಮಾಡಿದರು. ಇದು ಕೊಡುವ ಸಾರಜನಕ ಸ್ವಲ್ಪವೇ. ಆದರೆ ಬೇರು ಹೆಚ್ಚು ಕವಲೊಡೆಯುವಂತೆ ಮಾಡುತ್ತದೆ. ಬೇರು ಹರಡಿದರೆ ಹಾಕಿದ ಯೂರಿಯಾ ಜಾಸ್ತಿ ಸಿಗುತ್ತದೆ. ನನಗೆ ಇದೇ ಮುಖ್ಯ ಅನ್ನಿಸಿತು.

ಈ ಸಲ ಅಪ್ಪ ಇದರ ಪುಡಿ ತಂದರು. ಅಜ್ಜ ನೋಡಿ, "ಇಷ್ಟು ಪುಡಿ ಚೀಲ ಗೊಬ್ಬರದ ಕೆಲ್ಸ ಮಾಡ್ತತೇನೋ? ಹೋದ ವರ್ಷದ ಸಾಲನೇ ತೀರಿಲ್ಲ, ಬೆಳಿ ಕೈಕೊಟ್ರೆ ಏನ್ ಮಾಡ್ತೀಯ?" ಅಂದರು. ಅಜ್ಜನ ಮಾತೂ ಸುಳ್ಳಲ್ಲ. ಅದಕ್ಕೇ ಅಪ್ಪ ಅರ್ಧ ಎಕರೆಗೆ ಮಾತ್ರ ಪುಡಿ ಹಾಕಿ, ಅಲ್ಲಿ ಯೂರಿಯಾ ಕಾಲು ಭಾಗ ಕಡಿಮೆ ಮಾಡಿದರು. ಪೂರ್ತಿ ಬಿಡಲಿಲ್ಲ, ಬಿಡಲೂಬಾರದು.

ಹೈಬ್ರಿಡ್ ಬೀಜಕ್ಕೆ ಮೊದಲೇ ಬಣ್ಣದ ಔಷಧಿ ಬಳಿದಿರುತ್ತಾರೆ, ಅದು ಈ ಜೀವಿಗೆ ಆಗಿಬರುವುದಿಲ್ಲ. ಹಾಗಾಗಿ ಪುಡಿಯನ್ನು ತಿಪ್ಪೆಗೊಬ್ಬರದಲ್ಲಿ ಕಲಸಿ ಸಾಲಿಗೆ ಹಾಕಿದೆವು. ಯೂರಿಯಾ ಜೊತೆ ಕಲಸಬಾರದು, ಪೊಟ್ಟಣ ಬಿಸಿಲಲ್ಲಿ ಇಡಬಾರದು. ಜೀವ ಇರುವ ವಸ್ತು, ಸತ್ತರೆ ಬರೀ ಮಣ್ಣು!

ಸಮುದ್ರಪಾಚಿ ರಸದ ಬಾಟ್ಲಿಗಳೂ ಅಂಗಡಿಗೆ ಬಂದಿವೆ. 2021ರಲ್ಲಿ ಕೇಂದ್ರ ಸರ್ಕಾರ ಇಂಥವನ್ನು ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿತು. ಕೊಳ್ಳುವವರು ಚೀಟಿ ಓದಿ ಕೊಳ್ಳಿರಿ.

ಮಧ್ಯೆ ಮಳೆ ಕೈಕೊಟ್ಟಾಗ ಎರಡೂ ಕಡೆ ಗರಿ ಸುರುಳಿ ಸುತ್ತಿತ್ತು. ಪುಡಿ ಹಾಕಿದ ಕಡೆ ಒಂದೆರಡು ದಿನ ತಡವಾಗಿ ಸುತ್ತಿತು ಅಂತ ಅಪ್ಪ, "ಅಲ್ಲಿ ತಗ್ಗೈತಿ, ಅದಕ್ಕೆ" ಅಂತ ಅಜ್ಜ! ತೆನೆ ಮುರಿದ ಮೇಲೆ ಎರಡೂ ಕಡೆಯದನ್ನು ಬೇರೆ ಬೇರೆ ತೂಗುತ್ತೇವೆ. ಎಷ್ಟು ಬಂತು ಅಂತ ಇದೇ ಗೋಡೆ ಮೇಲೆ ಬರೆಯುತ್ತೇನೆ.